ಒಂಬತ್ತೂವರೆ ಟನ್ನಿನ ಬೆಣೆ

ಮೇ ತಿಂಗಳು ಕೊನೆಗೆ ಬಂತೆಂದರೆ ಅನಮೋಡದಲ್ಲಿ ಯಾರು ಎದುರಾದರೂ ಕೇಳುವುದು ಒಂದೇ ಮಾತು: ‘ಕಟ್ಟಿಗಿ ಒಳಗ ಬಿತ್ತೇನ್ರೀ?’ ಮಿರಗ ಹಿಡಿಯಿತೆಂದರೆ ಘಟ್ಟದ ನೆತ್ತಿಯ ಈ ಊರಿಗೆ ಸರಿಯಾದ ಬಿಸಿಲು ಮತ್ತೆ ಬೀಳುವುದು ದಸರೆಯ ಹೊತ್ತಿಗೆ. ನೆರೆಯ ಕ್ಯಾಸಲ್‌ರಾಕ್ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲಿ ಒಂದು; ಅಲ್ಲಿ ಸುರಿದದ್ದು ನಮ್ಮನ್ನು ಬಿಟ್ಟೀತೆ? ಅಡುಗೆಗೆ ಗ್ಯಾಸ್ ಬಂದು ಬಹಳ ವರ್ಷವಾಯಿತು. ಆದರೆ ಬಚ್ಚಲ ಹಂಡೆಗೆ, ಎಮ್ಮೆಗೆ ಹುರುಳಿ ಬೇಯಿಸುವ ಒಲೆಗೆ, ಬೆಳಗಾವಿ–ಪಣಜಿ ಹೆದ್ದಾರಿಯ ಬದಿಯ ಢಾಬಾಗಳ ಭಟ್ಟಿಗೆ ಇಂದಿಗೂ ಕಟ್ಟಿಗೆಯೇ ಬೇಕು. ನಾಲ್ಕು ತಿಂಗಳಿಗೆ ಆಗುವಷ್ಟನ್ನು ಒಡೆದು, ಒಣಗಿಸಿ, ಸೂರಿನ ಕೆಳಗೆ ಒಟ್ಟಿಕೊಳ್ಳಬೇಕು.

ಒಡೆಯುವವರು ಮಾತ್ರ ಸಿಗುವುದಿಲ್ಲ. ವಯಸ್ಸಿಗೆ ಬಂದ ಹುಡುಗರು ಘಟ್ಟ ಇಳಿದು ವೆರ್ಣಾದ ಕಾರ್ಖಾನೆಗಳಿಗೋ ಸಮುದ್ರದಂಚಿನ ಹೋಟೆಲುಗಳಿಗೋ ಹೋದರೆ ಮುಖ ಕಾಣುವುದು ಚೌತಿಗೆ. ಊರಲ್ಲಿ ಕೊಡಲಿ ಹಿಡಿಯುವ ಕೈಗಳೆಲ್ಲ ಐವತ್ತು ದಾಟಿದವು. ಒಂದೂವರೆ ಅಡಿ ದಪ್ಪದ ಅಕೇಶಿಯಾ ಬೊಡ್ಡೆಗೆ, ಅದರಲ್ಲೂ ಕವಲು ಒಡೆದ ಜಾಗಕ್ಕೆ ಏಟು ಹಾಕಿದವರಿಗೆ ಗೊತ್ತು: ಕೊಡಲಿ ಅಲ್ಲೇ ಕಚ್ಚಿಕೊಳ್ಳುತ್ತದೆ, ಅದನ್ನು ಬಿಡಿಸುವುದರಲ್ಲೇ ಸೊಂಟ ಹೋಗುತ್ತದೆ.

ನನ್ನ ಕಸುಬು ಹೈಡ್ರಾಲಿಕ್ ಫಿಟ್ಟರಿನದು. ಹಳಿಯಾಳ ಕಡೆಯವನು. ಐಟಿಐ ಮುಗಿಸಿ ಗೋವಾದ ಸಾಂಗೆ ತಾಲೂಕಿನ ಅದಿರು ಗಣಿಯಲ್ಲಿ ಎಕ್ಸ್‌ಕವೇಟರುಗಳ ಸಿಲಿಂಡರು, ಪಂಪು ಬಿಚ್ಚಿ ಕಟ್ಟುತ್ತಿದ್ದೆ. 2012ರ ಸೆಪ್ಟೆಂಬರಿನಲ್ಲಿ ಗೋವಾ ಸರ್ಕಾರ ಗಣಿಗಾರಿಕೆ ನಿಲ್ಲಿಸಿತು, ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೂ ತಡೆ ಹಾಕಿತು. 2014ರಲ್ಲಿ ವರ್ಷಕ್ಕೆ ಎರಡು ಕೋಟಿ ಟನ್ನಿನ ಮಿತಿ ಇಟ್ಟು ಬಿಟ್ಟರು; 2018ರ ಫೆಬ್ರವರಿಯಲ್ಲಿ 88 ಗಣಿ ಗುತ್ತಿಗೆಗಳನ್ನು ಕೋರ್ಟು ರದ್ದು ಮಾಡಿತು, ಮಾರ್ಚಿನಿಂದ ಮತ್ತೆ ಬಂದ್. ಅಷ್ಟರಲ್ಲಿ ನಾನು ಘಟ್ಟ ಹತ್ತಿ ಬಂದು ಹೆದ್ದಾರಿಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದೆ. ಕೆಲಸವಿಲ್ಲದೆ ನಿಂತ ಯಂತ್ರಗಳೂ ಒಂದೊಂದಾಗಿ ಗುಜರಿಗೆ ಬಂದವು. ಗುಜರಿಯವನಿಗೆ ಅದು ತೂಕದ ಕಬ್ಬಿಣ. ನನ್ನಂಥವನಿಗೆ, ಕ್ರೋಮ್ ಹಾಕಿದ ರಾಡಿನ ಮೇಲೆ ಗೀರಿಲ್ಲದ ಒಂದು ಸಿಲಿಂಡರು ಕಣ್ಣಿಗೆ ಬಿದ್ದರೆ ಕೈ ಸುಮ್ಮನಿರುವುದಿಲ್ಲ. ನಮ್ಮ ಕಟ್ಟಿಗೆ ಯಂತ್ರ ಶುರುವಾದದ್ದು ಅಂಥ ಒಂದು ಸಿಲಿಂಡರಿನಿಂದ.

ನೋಡಲು ಬಂದವರ ಮೊದಲ ಪ್ರಶ್ನೆ ಯಾವಾಗಲೂ ‘ಮಿಸ್ತ್ರೀ, ಇದು ಎಷ್ಟ್ ಟನ್ ಐತ್ರೀ?’ ಎಂಬುದು. ಅದನ್ನು ಹೇಳುವ ಮೊದಲು ಆ ಟನ್ನು ಎಲ್ಲಿಂದ ಬರುತ್ತದೆ ಎಂದು ತೋರಿಸಬೇಕು. ಲಾರಿಯವರ ಬಾಟಲ್ ಜಾಕನ್ನೇ ತೆಗೆದುಕೊಳ್ಳಿ. ಅದರೊಳಗೆ ಎರಡು ಕೊಳವೆ. ನೀವು ಹಿಡಿಕೆಯಿಂದ ಒತ್ತುವ ಚಿಕ್ಕ ದಂಡ ಒಂದು ಸೆಂಟಿಮೀಟರ್ ದಪ್ಪ, ಲಾರಿಯನ್ನು ಎತ್ತುವ ದೊಡ್ಡ ದಂಡ ನಾಲ್ಕು ಸೆಂಟಿಮೀಟರ್ ದಪ್ಪ ಎಂದಿಟ್ಟುಕೊಳ್ಳಿ. ದಪ್ಪ ನಾಲ್ಕು ಪಟ್ಟಾದರೆ ಮುಖದ ವಿಸ್ತಾರ ಹದಿನಾರು ಪಟ್ಟು. ಮುಚ್ಚಿದ ಎಣ್ಣೆಯ ಮೇಲೆ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಆದ್ದರಿಂದ ಚಿಕ್ಕ ದಂಡಕ್ಕೆ ಕೊಟ್ಟ ಬಲ ದೊಡ್ಡ ದಂಡದಲ್ಲಿ ಹದಿನಾರು ಪಟ್ಟಾಗುತ್ತದೆ. ಉದ್ದನೆಯ ಹಿಡಿಕೆ ಸನ್ನೆಗೋಲಾಗಿ ಇನ್ನೊಂದು ಹದಿನೈದು ಪಟ್ಟು ಕೊಟ್ಟಿತೆನ್ನಿ. ಕೈಯಿಂದ ಇಪ್ಪತ್ತು ಕೆಜಿ ಒತ್ತಿದರೆ ಮೇಲೆ 4,800 ಕೆಜಿ. ಪುಕ್ಕಟೆ ಏನೂ ಸಿಕ್ಕಿಲ್ಲ; ಬಲ ಹೆಚ್ಚಾದಷ್ಟು ದೂರ ಕಡಿಮೆಯಾಗಿದೆ, ಅದಕ್ಕೇ ಲಾರಿ ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಏಳುವುದು.

ಈ ನಿಯಮವನ್ನು ಹದಿನೇಳನೆಯ ಶತಮಾನದಲ್ಲಿ ಬರೆದಿಟ್ಟವನು ಫ್ರಾನ್ಸಿನ ಪ್ಯಾಸ್ಕಲ್. ಅದನ್ನು ಯಂತ್ರ ಮಾಡಿ 1795ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ, ಬೀಗ ಮಾಡುವುದರಲ್ಲಿ ಹೆಸರಾದವನು. ಅವನ ಪ್ರೆಸ್ಸಿಗೆ ಕಾಟ ಕೊಟ್ಟದ್ದು ಸೋರಿಕೆ. ಬಿಗಿಮಾಡಿದರೆ ದಂಡ ಹಿಂದೆ ಬಾರದು, ಸಡಿಲ ಬಿಟ್ಟರೆ ನೀರು ಚಿಮ್ಮುತ್ತದೆ. ಅವನ ಕಾರ್ಖಾನೆಯಲ್ಲಿದ್ದ ಹೆನ್ರಿ ಮಾಡ್ಸ್ಲೆ ಬಟ್ಟಲಿನಾಕಾರದ ಚರ್ಮದ ವಾಷರ್ ಸೂಚಿಸಿದನೆಂದು ಹೇಳುತ್ತಾರೆ: ಒತ್ತಡ ಏರಿದಷ್ಟೂ ಅದರ ತುಟಿ ತಾನೇ ಅಗಲಿ ಗೋಡೆಗೆ ಅಂಟುತ್ತದೆ, ಒತ್ತಡ ಇಳಿದರೆ ಸಡಿಲವಾಗುತ್ತದೆ. ಬೋರಿನ ಕೈಪಂಪು ಬಿಚ್ಚಿದಾಗ ಕಾಣುವ ವಾಷರ್ ಅದೇ ಜಾತಿಯದು. ನಾನು ಸೀಲ್ ಕಿಟ್ ಎಂದು ಅಂಗಡಿಯಲ್ಲಿ ಕೇಳಿ ತರುವುದೂ ಅದನ್ನೇ, ಚರ್ಮದ ಜಾಗಕ್ಕೆ ಪಾಲಿಯುರೆಥೇನ್ ಬಂದಿದೆ, ಅಷ್ಟೆ.

ಈಗ ನಮ್ಮ ಯಂತ್ರದ ಲೆಕ್ಕ. ಸಿಲಿಂಡರಿನ ಒಳ ವ್ಯಾಸ 100 ಮಿಲಿಮೀಟರ್, ರಾಡು 60, ಓಟ 60 ಸೆಂಟಿಮೀಟರ್. ಪಿಸ್ಟನ್ನಿನ ಮುಖ 78.5 ಚದರ ಸೆಂಟಿಮೀಟರ್. ಎಣ್ಣೆಯ ಒತ್ತಡ 120 ಬಾರ್, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 122 ಕೆಜಿ. ಗುಣಿಸಿದರೆ ಹತ್ತಿರ ಹತ್ತಿರ 9,600 ಕೆಜಿ. ಒಂಬತ್ತೂವರೆ ಟನ್. ಎಕ್ಸ್‌ಕವೇಟರಿನಲ್ಲಿ ಒತ್ತಡ 300 ಬಾರ್ ದಾಟುತ್ತದೆ. ಅಲ್ಲಿ ದುಡಿದ ಸಿಲಿಂಡರಿಗೆ ಇದು ಪಿಂಚಣಿಯ ಮೇಲಿನ ಕೆಲಸ.

ಹಾಗಾದರೆ 120ಕ್ಕೇ ಏಕೆ ನಿಂತೆ? ಕಾರಣ ಇಂಜಿನ್ನು. ಇಲ್ಲಿ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಯಂತ್ರ ಮಾಡುವ ಹಾಗಿಲ್ಲ. ಹಳೆಯ ನೀರಿನ ಪಂಪ್‌ಸೆಟ್ಟಿನ 8 ಎಚ್‌ಪಿ ಡೀಸೆಲ್ ಇಂಜಿನ್ ಕೈಯಲ್ಲಿತ್ತು, ನಿಮಿಷಕ್ಕೆ 1,500 ಸುತ್ತು. ಅದಕ್ಕೆ ಸುತ್ತಿಗೆ 16 ಸಿಸಿ ಎಣ್ಣೆ ತಳ್ಳುವ ಗೇರ್ ಪಂಪು ಜೋಡಿಸಿದರೆ ನಿಮಿಷಕ್ಕೆ 24 ಲೀಟರ್. ಇಷ್ಟು ಎಣ್ಣೆಯನ್ನು 120 ಬಾರಿನಲ್ಲಿ ತಳ್ಳಲು, ಪಂಪಿನೊಳಗಿನ ನಷ್ಟ ಸೇರಿಸಿ, ಏಳೂವರೆ ಎಚ್‌ಪಿ ಹಿಡಿಯುತ್ತದೆ. 150 ಬಾರಿಗೆ ಹೋದರೆ ಒಂಬತ್ತೂವರೆ ಬೇಕು, ಇಂಜಿನ್ ಕೆಮ್ಮಿ ನಿಲ್ಲುತ್ತದೆ. ಟನ್ನು ಹೆಚ್ಚು ಬೇಕೆಂದವರು ದೊಡ್ಡ ಇಂಜಿನ್ ಹಾಕಬೇಕು, ಇಲ್ಲವೇ ಪಂಪು ಚಿಕ್ಕದು ಮಾಡಿ ನಿಧಾನಕ್ಕೆ ಒಪ್ಪಬೇಕು. ನಮ್ಮದರಲ್ಲಿ ರಾಡು ಪೂರ್ತಿ ಮುಂದೆ ಹೋಗಲು ಹನ್ನೆರಡು ಸೆಕೆಂಡು, ಹಿಂದೆ ಬರಲು ಏಳೂವರೆ. ಮರ ಒಡೆಯಲು ಅಷ್ಟು ಓಟ ಬೇಕಾಗುವುದೂ ಅಪರೂಪ. ಬೊಡ್ಡೆ ಅರ್ಧ ದಾರಿಯಲ್ಲೇ ಬಾಯಿ ಬಿಡುತ್ತದೆ.

ಬಲ ತರುವುದು ಇಷ್ಟು ಸುಲಭವಾದ್ದರಿಂದಲೇ ಮನೆಯಲ್ಲಿ ಮಾಡಿದ ಯಂತ್ರಗಳು ಕೆಡುವುದು. ಎಲ್ಲರ ಕಣ್ಣೂ ಸಿಲಿಂಡರಿನ ಮೇಲೆ. ಒಂಬತ್ತೂವರೆ ಟನ್ನು ಬೊಡ್ಡೆಯನ್ನು ಮುಂದಕ್ಕೆ ನೂಕುವಾಗ ಅಷ್ಟೇ ಬಲ ಸಿಲಿಂಡರಿನ ಬುಡವನ್ನು ಹಿಂದಕ್ಕೆ ನೂಕುತ್ತದೆ ಎಂಬುದು ಬಹಳ ಜನರ ತಲೆಗೆ ಬರುವುದಿಲ್ಲ. ಒಂದು ತುದಿಯಲ್ಲಿ ಬೆಣೆ, ಇನ್ನೊಂದು ತುದಿಯಲ್ಲಿ ಸಿಲಿಂಡರಿನ ಬುಡ, ಈ ಎರಡನ್ನೂ ಬೇರೆಯಾಗದಂತೆ ಹಿಡಿದಿಡುವುದು ಕೆಳಗಿನ ಬೀಮ್. ಅದೂ ನೇರವಾಗಿ ಎಳೆಸಿಕೊಳ್ಳುವುದಿಲ್ಲ. ಸಿಲಿಂಡರು ಬೀಮಿಗಿಂತ ಮೇಲೆ ಕೂತಿರುವುದರಿಂದ ಪ್ರತಿ ಸಲವೂ ಬೀಮ್ ಬಿಲ್ಲಿನಂತೆ ಬಾಗಲು ನೋಡುತ್ತದೆ.

ಢಾಬಾದವರೊಬ್ಬರು ತಮ್ಮದೂ ಒಂದು ಮಾಡಿಕೊಡಿ ಎಂದು ಆರಿಂಚಿನ ಐ-ಬೀಮ್ ತಂದು ಶೆಡ್ಡಿನ ಮುಂದೆ ಇಳಿಸಿದರು. ‘ಇದರಾಗ ಮನಿ ಮಾಳಗಿ ನಿಂತೈತಿ ಮಿಸ್ತ್ರೀ, ಕಟ್ಟಿಗಿ ಯಾವ ಲೆಕ್ಕ?’ ಎಂದರು. ನಾನು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದೆ. ಸಿಲಿಂಡರಿನ ನಡುಗೆರೆ ಬೀಮಿನ ಮೇಲ್ಮೈಯಿಂದ 12 ಸೆಂಟಿಮೀಟರ್ ಎತ್ತರ. 150 ಮಿಲಿಮೀಟರಿನ ಬೀಮಾದರೆ, ಬಾಗಿಸುವ ಬಲ ಮತ್ತು ಎಳೆಯುವ ಬಲ ಎರಡೂ ಕೂಡಿ ಅದರ ಮೇಲಂಚಿಗೆ ಬೀಳುವ ಭಾರ ಚದರ ಸೆಂಟಿಮೀಟರಿಗೆ ಸುಮಾರು 2,440 ಕೆಜಿ. ಸಾಧಾರಣ ಉಕ್ಕು ಮಣಿಯುವುದೇ 2,500ರ ಆಸುಪಾಸಿನಲ್ಲಿ. ಅಂದರೆ ಪ್ರತಿ ಗಂಟುಮರಕ್ಕೂ ಬೀಮ್ ಸಾಯುವ ಅಂಚಿಗೆ ಹೋಗಿ ಬರುತ್ತದೆ. ಅದೇ ಎಂಟಿಂಚಿನದು, 200 ಮಿಲಿಮೀಟರಿನ ಬೀಮ್ ಹಾಕಿದರೆ ಲೆಕ್ಕ 1,240ಕ್ಕೆ ಇಳಿಯುತ್ತದೆ, ಅರ್ಧಕ್ಕೆ ಅರ್ಧ ಮೀಸಲು ಉಳಿಯುತ್ತದೆ. ಮೀಟರಿಗೆ ತೂಕ ಮಾತ್ರ 15 ಕೆಜಿಯಿಂದ 25 ಕೆಜಿಗೆ ಏರುತ್ತದೆ. ಎರಡು ಮೀಟರಿಗೆ ಇಪ್ಪತ್ತು ಕೆಜಿ ಕಬ್ಬಿಣ ಹೆಚ್ಚು, ಅಷ್ಟೇ. ಅವರು ಆರಿಂಚಿನದನ್ನು ವಾಪಸ್ ಹಾಕಿಕೊಂಡು ಹೋಗಿ, ಮರುವಾರ ರಾಮನಗರದಿಂದ ಎಂಟಿಂಚಿನದು ತಂದರು.

ಬೆಣೆಯ ವಿಷಯದಲ್ಲಿ ಜನರ ಕಲ್ಪನೆ ಇನ್ನೊಂದು ಬಗೆ. ಕತ್ತಿಯಂತೆ ಹರಿತ ಇರಬೇಕೆಂದು ತಿಳಿಯುತ್ತಾರೆ. ಮರ ಒಡೆಯುವುದು ಕತ್ತರಿಸುವ ಕೆಲಸವಲ್ಲ. ಮರದ ನಾರುಗಳು ಉದ್ದಕ್ಕೆ ಎಷ್ಟು ಗಟ್ಟಿಯೋ ಒಂದಕ್ಕೊಂದು ಅಂಟಿಕೊಂಡಿರುವುದು ಅಷ್ಟೇ ಸಡಿಲ. ಬೆಣೆಯ ಮೊನೆ ಎರಡು ಬೆರಳು ಒಳಗೆ ಹೋಗುವವರೆಗೆ ಮಾತ್ರ ಹರಿತಕ್ಕೆ ಕೆಲಸ. ಆಮೇಲೆ ಇಕ್ಕೆಲಗಳ ಇಳಿಜಾರು ನಾರುಗಳನ್ನು ಅಗಲಿಸುತ್ತ ಹೋಗುತ್ತದೆ, ಬಿರುಕು ಮೊನೆಗಿಂತ ಮುಂದೆ ಓಡುತ್ತಿರುತ್ತದೆ. ಹಾಗಾಗಿ ನಾನು ಒಂದಿಂಚು ದಪ್ಪದ ಇಎನ್-8 ಪಟ್ಟಿಯನ್ನು ಸುಮಾರು ಮೂವತ್ತು ಡಿಗ್ರಿಗೆ ಸಾಣೆ ಹಿಡಿದು, ಅದರ ಬೆನ್ನಿಗೆ ಎರಡು ರೆಕ್ಕೆ ಬೆಸೆದಿದ್ದೇನೆ. ಮೊನೆ ಬಿರುಕು ತೆರೆಯುತ್ತದೆ, ರೆಕ್ಕೆ ಅದನ್ನು ಹಿಗ್ಗಿಸುತ್ತದೆ. ಲಾರಿಯ ಪಾಟಾ ಕತ್ತರಿಸಿ ಬೆಣೆ ಮಾಡುವವರಿದ್ದಾರೆ. ಪಾಟಾ ಉಕ್ಕು ಗಟ್ಟಿ, ನಿಜ. ಆದರೆ ಬೆಸುಗೆಯ ಪಕ್ಕದಲ್ಲೇ ಗಾಜಿನಂತೆ ಸಿಡಿಯುವ ಬುದ್ಧಿ ಅದಕ್ಕಿದೆ. ಒಂಬತ್ತು ಟನ್ನಿನ ಎದುರು ನಿಲ್ಲಿಸುವ ವಸ್ತುವಿಗೆ ಆ ಬುದ್ಧಿ ಇರಬಾರದು.

ಬೆಸುಗೆಯ ಬಗ್ಗೆ ನಮ್ಮ ಕಡೆಯವರಿಗೆಂದೇ ಒಂದು ಮಾತು. ಬೆಣೆ ಮತ್ತು ಬುಡಗಳಿಗೆ ಗೇಟು ಗ್ರಿಲ್ಲು ಮಾಡುವ ರಾಡು ಸಾಲದು, 7018 ಬೇಕು. ಈ ರಾಡಿನ ಲೇಪ ಗಾಳಿಯ ತೇವವನ್ನು ಕುಡಿಯುತ್ತದೆ. ಕುಡಿದ ತೇವ ಬೆಸುಗೆಯ ಬಿಸಿಯಲ್ಲಿ ಹೈಡ್ರೋಜನ್ ಆಗಿ ಲೋಹದೊಳಗೆ ಸೇರುತ್ತದೆ. ಬೆಸುಗೆ ಆರಿದ ಮೇಲೆ, ಕೆಲವೊಮ್ಮೆ ಮರುದಿನ, ಒಳಗಿನಿಂದ ಕೂದಲಿನಂಥ ಬಿರುಕು ಏಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಜುಲೈನಲ್ಲಿ ಬೆಂಕಿಪೊಟ್ಟಣವೇ ಹತ್ತದ ಊರಿನಲ್ಲಿ ತೆರೆದಿಟ್ಟ 7018 ರಾಡು ಕಡ್ಡಿಗೆ ಸಮ. ಯಂತ್ರ ಮಾಡುವುದಿದ್ದರೆ ಬೇಸಗೆಯಲ್ಲೇ ಮುಗಿಸಿ, ಹೊಸ ಪ್ಯಾಕೆಟ್ ಒಡೆದ ದಿನವೇ ಬಳಸಿ.

ಹೈಡ್ರಾಲಿಕ್ ಸಾಮಾನಿಗೆ ನಮಗೆ ದೂರ ಹೋಗಬೇಕಾಗಿಲ್ಲ, ಬೆಳಗಾವಿ ಇದೆ. ಉದ್ಯಮಬಾಗದ ಸುತ್ತ ಎರಕದ ಕಾರ್ಖಾನೆಗಳು, ವಾಲ್ವು ಮಾಡುವ ಘಟಕಗಳು, ಹೋಸು ಒತ್ತಿಕೊಡುವ ಅಂಗಡಿಗಳು ಸಾಲುಸಾಲಾಗಿ ಇವೆ. ಸುರೇಶ ಹುಂದ್ರೆಯವರು ಕಟ್ಟಿದ ಪಾಲಿಹೈಡ್ರಾನ್ ಕಂಪನಿ ಈ ಊರಿನ ಹೈಡ್ರಾಲಿಕ್ ವಾಲ್ವುಗಳಿಗೆ ದೇಶದಲ್ಲಿ ಹೆಸರು ತಂದಿತು. ಕುಂದಾ ತರಲು ಬೆಳಗಾವಿಗೆ ಹೋಗುವವರು ಈ ಕಡೆಗೂ ಒಮ್ಮೆ ಹಾಯ್ದು ಬರಬಹುದು. ಸಿಲಿಂಡರನ್ನು ಗುಜರಿಯಿಂದ ತರಬಹುದು, ಇಂಜಿನ್ ಹಳೆಯದಿರಬಹುದು. ವಾಲ್ವು, ಹೋಸು, ಒತ್ತಡದ ಮೀಟರು ಈ ಮೂರನ್ನು ನಾನು ಹಳೆಯದು ಹಾಕುವುದಿಲ್ಲ.

ಟ್ರ್ಯಾಕ್ಟರ್ ಇದ್ದವರು ಕೇಳುತ್ತಾರೆ: ಟ್ರಾಲಿ ಎತ್ತುವ ಜಾಕನ್ನೇ ಬಳಸಿದರೆ ಆಗದೇ? ಆಗದು. ಟ್ರಾಲಿಯ ಜಾಕಿಗೆ ಒಂದೇ ಪೈಪು. ಎಣ್ಣೆ ಅದನ್ನು ಮೇಲೆತ್ತುತ್ತದೆ, ಕೆಳಗಿಳಿಸುವುದು ಟ್ರಾಲಿಯ ತೂಕ. ಮಲಗಿಸಿದ ಯಂತ್ರದಲ್ಲಿ ಹಿಂದೆ ತಳ್ಳಲು ತೂಕ ಎಲ್ಲಿದೆ? ಎರಡೂ ಕಡೆ ಎಣ್ಣೆ ಹೋಗುವ ಡಬಲ್ ಆಕ್ಟಿಂಗ್ ಸಿಲಿಂಡರೇ ಬೇಕು. ಟ್ರ್ಯಾಕ್ಟರಿನ ಪಂಪಿನಿಂದಲೇ ಎಣ್ಣೆ ಪಡೆಯಬಹುದು, ಆದರೆ ಎಣ್ಣೆ ಮರಳಿ ಹೋಗಲು ಬೇರೆ ಪೈಪು ಎಳೆಯಬೇಕು. ಮೇಲಾಗಿ ಬಹುಪಾಲು ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ಕಿಗೂ ಗೇರಿಗೂ ಒಂದೇ ಎಣ್ಣೆ. ಹಳೆಯ ಸಿಲಿಂಡರಿನ ಕಸ ಹೋಗಿ ಗೇರ್‌ಬಾಕ್ಸಿನಲ್ಲಿ ಕೂತರೆ ಕಟ್ಟಿಗೆಯ ಲಾಭ ಅಲ್ಲಿಗೇ ಮುಗಿಯಿತು.

ಪಂಪನ್ನು ಇಂಜಿನ್ನಿಗೆ ಬೆಲ್ಟಿನಿಂದ ಕಟ್ಟಬೇಡಿ. ಗೇರ್ ಪಂಪಿನ ಶಾಫ್ಟಿಗೆ ಪಕ್ಕದ ಎಳೆತ ಆಗಿಬರುವುದಿಲ್ಲ. ನಡುವೆ ರಬ್ಬರ್ ಇರುವ ಕಪ್ಲಿಂಗ್ ಹಾಕಿ ನೇರಕ್ಕೆ ನೇರ ಜೋಡಿಸಬೇಕು. ಪಂಪು ಯಾವ ಕಡೆ ತಿರುಗಬೇಕೆಂದು ಅದರ ಮೈಮೇಲೆ ಬಾಣದ ಗುರುತು ಇರುತ್ತದೆ; ಉಲ್ಟಾ ತಿರುಗಿಸಿದರೆ ಶಾಫ್ಟಿನ ಸೀಲು ಮೊದಲ ನಿಮಿಷದಲ್ಲೇ ಹಾರುತ್ತದೆ.

ಇನ್ನೊಂದು ಸೂಕ್ಷ್ಮ ಅನುಭವಸ್ಥ ಫಿಟ್ಟರುಗಳಿಗೂ ತಪ್ಪಿ ಹೋಗುತ್ತದೆ. ಪಂಪು ಕೊಡುವುದು 24 ಲೀಟರ್, ಆದ್ದರಿಂದ 24 ಲೀಟರಿನ ಫಿಲ್ಟರ್ ಸಾಕು ಎಂದುಕೊಳ್ಳುತ್ತಾರೆ. ರಾಡು ಹಿಂದೆ ಬರುವಾಗ ಎಣ್ಣೆ ಹೋಗುವುದು ರಾಡಿನ ಕಡೆಗೆ. ಅಲ್ಲಿ ರಾಡೇ ಜಾಗ ತಿಂದಿರುವುದರಿಂದ ವಿಸ್ತಾರ 50 ಚದರ ಸೆಂಟಿಮೀಟರ್ ಮಾತ್ರ. ಈ ಕಡೆ 24 ಲೀಟರ್ ಒಳಗೆ ಹೋದರೆ ಆ ಕಡೆಯಿಂದ ಹೊರಗೆ ಬರುವುದು ಮೂವತ್ತೇಳೂವರೆ ಲೀಟರ್. ವಾಪಸಾತಿಯ ಪೈಪು, ವಾಲ್ವು, ಫಿಲ್ಟರು ಎಲ್ಲವೂ ಆ ಹರಿವಿಗೆ ತಕ್ಕದ್ದಿರಬೇಕು. ಇಲ್ಲದಿದ್ದರೆ ಯಂತ್ರ ಹಿಂದೆ ಬರುವಾಗ ನರಳುತ್ತದೆ, ಎಣ್ಣೆ ಕಾಯುತ್ತದೆ, ಒಂದು ದಿನ ಫಿಲ್ಟರಿನ ಡಬ್ಬಿ ಉಬ್ಬಿ ಬಾಯಿ ಬಿಡುತ್ತದೆ.

ಎಣ್ಣೆ 68ನೇ ನಂಬರಿನದು, ಟ್ಯಾಂಕು 50 ಲೀಟರಿನದು, ನಡುವೆ ಒಂದು ಅಡ್ಡ ತಗಡು. ಬಿಸಿಯಾಗಿ ಮರಳಿದ ಎಣ್ಣೆ ನೆಟ್ಟಗೆ ಪಂಪಿಗೆ ಹೋಗದೆ ಟ್ಯಾಂಕು ಸುತ್ತಿ, ಆರಿ, ಗುಳ್ಳೆ ಬಿಟ್ಟು ಹೋಗಲಿ ಎಂದು. ಹಗಲಿಡೀ ಕೆಲಸ ಮಾಡಿ ರಾತ್ರಿ ತಣ್ಣಗಾಗುವಾಗ ಟ್ಯಾಂಕು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ; ಘಟ್ಟದ ಮಳೆಗಾಲದ ಗಾಳಿಯೆಂದರೆ ಅರ್ಧ ನೀರು. ಎಣ್ಣೆ ಬಿಳಿಚಿಕೊಂಡಿತೆಂದರೆ ನೀರು ಸೇರಿತೆಂದೇ ತಿಳಿಯಿರಿ. ಟ್ಯಾಂಕಿನ ತಳದಲ್ಲಿ ಒಂದು ಬಿರಡೆ ಇಟ್ಟು, ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮೊದಲು ಸ್ವಲ್ಪ ಸಡಿಲಿಸಿ ನೀರು ಬಸಿದುಬಿಡಬೇಕು. ಕೆಲಸ ಮುಗಿದ ಮೇಲೆ ರಾಡನ್ನು ಪೂರ್ತಿ ಒಳಗೆ ಎಳೆದಿಡಿ. ಹೊರಗೆ ಬಿಟ್ಟ ಕ್ರೋಮಿನ ಮೇಲೆ ಒಂದು ತುಕ್ಕಿನ ಚುಕ್ಕೆ ಎದ್ದರೂ ಮರುದಿನದಿಂದ ಅದು ಸೀಲನ್ನು ಉಜ್ಜಿ ತಿನ್ನುತ್ತದೆ.

ಇಷ್ಟೆಲ್ಲ ಆದ ಮೇಲೆ ಯಂತ್ರ ಹೇಗೆ ಒಡೆಯುತ್ತದೆ ಎಂದು ಕೇಳುವವರನ್ನು ನಾನು ಒತ್ತಡದ ಮೀಟರಿನ ಮುಂದೆ ನಿಲ್ಲಿಸುತ್ತೇನೆ. ನೆಟ್ಟಗಿನ ಮಾವಿನ ಬೊಡ್ಡೆ ಇಟ್ಟು ಲಿವರ್ ಒತ್ತಿದರೆ ಮುಳ್ಳು 30 ಬಾರಿನ ಹತ್ತಿರ ತೂಗಾಡಿ ಬೀಳುತ್ತದೆ. ಇಂಜಿನ್ನಿಗೆ ಗೊತ್ತೇ ಆಗುವುದಿಲ್ಲ. ಅಕೇಶಿಯಾದ ಕವಲು ಇಟ್ಟಾಗ ನೋಡಬೇಕು. ಬೆಣೆ ಎರಡು ಬೆರಳು ಹೊಕ್ಕು ನಿಲ್ಲುತ್ತದೆ. ಇಂಜಿನ್ನಿನ ಡಗ್‌ಡಗ್ ಒಂದೊಂದಾಗಿ ಎಣಿಸುವಷ್ಟು ನಿಧಾನವಾಗುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ. ಮುಳ್ಳು 70, 90, 110 ಎಂದು ಏರುತ್ತದೆ. ತೊಗಟೆಯ ಕೆಳಗಿನಿಂದ ಸಣ್ಣಗೆ ಕಿರ್ರೆನ್ನುವ ಸದ್ದು, ಹಸಿ ಮರವಾದರೆ ಬಿರುಕಿನ ಬಾಯಲ್ಲಿ ರಸದ ನೊರೆ. ಆಮೇಲೆ ಚಟ್ ಎಂದು ಗಂಟು ಬಿಟ್ಟುಕೊಡುತ್ತದೆ, ಮುಳ್ಳು ಕೆಳಗೆ ಬೀಳುತ್ತದೆ, ಇಂಜಿನ್ ಉಸಿರು ಬಿಟ್ಟು ಓಡುತ್ತದೆ. 120ಕ್ಕೆ ಮುಟ್ಟಿಯೂ ಒಡೆಯಲಿಲ್ಲವೋ, ರಿಲೀಫ್ ವಾಲ್ವು ತೆರೆದು ಎಣ್ಣೆಯನ್ನು ಟ್ಯಾಂಕಿಗೆ ಬಿಡುತ್ತದೆ. ಆಗ ಹಟ ಹಿಡಿಯುವುದಲ್ಲ. ರಾಡು ಹಿಂದೆ ತಂದು, ಬೊಡ್ಡೆಯನ್ನು ತಿರುಗಿಸಿ ಅಂಚಿನಿಂದ ಸಿಗಿಯುತ್ತ ಬರಬೇಕು. ಕೊಡಲಿಯ ಕಾಲದ ಹಿರಿಯರು ಮಾಡುತ್ತಿದ್ದುದೂ ಅದನ್ನೇ.

ಈ ರಿಲೀಫ್ ವಾಲ್ವಿನ ಸ್ಕ್ರೂ ಯಂತ್ರದ ಅತ್ಯಂತ ಅಪಾಯದ ಜಾಗ. ಅರ್ಧ ಸುತ್ತು ಬಿಗಿ ಮಾಡಿದರೆ ಟನ್ನು ಹೆಚ್ಚುತ್ತದೆ, ಹುಡುಗರಿಗೆ ಖುಷಿಯಾಗುತ್ತದೆ. ಬೀಮ್, ಬೆಸುಗೆ, ಪಿನ್ನು ಯಾವುದೂ ಆ ಹೊಸ ಟನ್ನಿಗೆ ಲೆಕ್ಕ ಹಾಕಿದ್ದಲ್ಲ. ನಾನು 120ಕ್ಕೆ ಕೂರಿಸಿ, ನಟ್ಟು ಬಿಗಿದು, ಮೇಲೆ ಕೆಂಪು ಬಣ್ಣ ಬಳಿದು ಕೊಡುತ್ತೇನೆ. ಬಣ್ಣ ಒಡೆದ ಯಂತ್ರ ರಿಪೇರಿಗೆ ಬಂದರೆ ಮೊದಲು ಬೈಗುಳ, ಆಮೇಲೆ ಕೆಲಸ.

ಲಿವರಿನ ಬಗ್ಗೆಯೂ ನಾನು ಕಟ್ಟುನಿಟ್ಟು. ಮುಂದಕ್ಕೆ ಒತ್ತುವಾಗ ಕೈ ಬಿಟ್ಟ ಕೂಡಲೇ ಲಿವರ್ ನಡುವಿಗೆ ಬಂದು ಯಂತ್ರ ನಿಲ್ಲಬೇಕು. ತಾನಾಗಿ ಹಿಡಿದುಕೊಳ್ಳುವ ವ್ಯವಸ್ಥೆ ಹಿಂದೆ ಬರುವ ದಿಕ್ಕಿಗೆ ಮಾತ್ರ. ಬೊಡ್ಡೆ ಇಡುವವನೇ ಲಿವರ್ ಒತ್ತಬೇಕು. ಒಬ್ಬ ಇಡುವುದು, ಇನ್ನೊಬ್ಬ ಒತ್ತುವುದು ಎಂದಾದರೆ ಬೇಗ ಆಗುತ್ತದೆ ಎಂದು ತೋರುತ್ತದೆ. ಬೆರಳು ಹೋಗುವುದು ಹಾಗೆಯೇ, ಮಾತಿನ ನಡುವೆ, ‘ಹೂಂ’ ಎಂದದ್ದು ತಪ್ಪು ಕೇಳಿಸಿ.

ಹೋಸಿನ ವಿಷಯ ಇದಕ್ಕಿಂತ ದೊಡ್ಡದು. ಎರಡು ಪದರ ತಂತಿಯ ಅರ್ಧ ಇಂಚಿನ ಹೋಸು 240 ಬಾರಿಗೂ ಮೇಲೆ ತಡೆಯುವಂಥದ್ದು, ನಮ್ಮ ಕೆಲಸಕ್ಕೆ ಧಾರಾಳ. ಆದರೂ ಬಿಸಿಲಿಗೆ ಬಿರುಕು ಬಿಟ್ಟು ಸೂಜಿಮೊನೆಯಷ್ಟು ತೂತಾದರೆ ಅಲ್ಲಿಂದ ಬರುವ ಎಣ್ಣೆ ಕಣ್ಣಿಗೆ ಮಂಜಿನಂತೆ ಕಾಣುತ್ತದೆ. ಎಲ್ಲಿ ಸೋರುತ್ತಿದೆ ಎಂದು ಕೈಯಾಡಿಸಿ ನೋಡಿದರೆ ಅದು ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಮೊದಲಿಗೆ ಮುಳ್ಳು ಚುಚ್ಚಿದಷ್ಟೇ ನೋವು, ಒಂದು ಚುಕ್ಕೆ. ಕೆಲವು ತಾಸಿನಲ್ಲಿ ಬೆರಳು ಊದಿ ಒಳಗೇ ಕೊಳೆಯಲು ಶುರು. ಅರಿಶಿನ ಹಚ್ಚಿ ಕೂರುವ ಗಾಯವಲ್ಲ ಇದು. ಅದೇ ದಿನ ಆಪರೇಷನ್ ಮಾಡಿ ತೊಳೆಯಬೇಕಾಗುತ್ತದೆ, ‘ಒತ್ತಡದ ಎಣ್ಣೆ ಹೊಕ್ಕಿದೆ’ ಎಂದು ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು. ಗಣಿಯಲ್ಲಿ ನಮಗೆ ಕಲಿಸಿದ್ದು ಸರಳ: ಇಂಜಿನ್ ಆರಿಸು, ಲಿವರ್ ಆಚೀಚೆ ಆಡಿಸಿ ಒತ್ತಡ ಇಳಿಸು, ಚಾಲೂ ಇರುವಾಗಲೇ ನೋಡಬೇಕಿದ್ದರೆ ರಟ್ಟಿನ ತುಂಡು ಹಿಡಿದು ನೋಡು. ನನ್ನ ಶೆಡ್ಡಿನಲ್ಲಿ ರಟ್ಟಿನ ತುಂಡು ಮೊಳೆಗೆ ನೇತು ಹಾಕಿದೆ.

ಟ್ರ್ಯಾಕ್ಟರಿನ ಹಿಂದೆ ತಿರುಗುವ ತಿರುಪಿನ ಮೊನೆ ಕಟ್ಟಿ ಕಟ್ಟಿಗೆ ಒಡೆಯುವ ವೀಡಿಯೋಗಳನ್ನು ಜನ ಫೋನಿನಲ್ಲಿ ತಂದು ತೋರಿಸುತ್ತಾರೆ. ಅಗ್ಗ, ವೇಗ, ಎರಡೂ ನಿಜ. ಆದರೆ ತಿರುಗುವ ವಸ್ತುವಿಗೆ ಪಂಚೆಯ ಚುಂಗು ಯಾವುದು, ಮರ ಯಾವುದು ಎಂಬ ಭೇದವಿಲ್ಲ. ನಾನು ಅದನ್ನು ಮಾಡಿಕೊಡುವುದಿಲ್ಲ.

ಒಡೆದ ಕಟ್ಟಿಗೆಯ ಲಾಭ ಬರೀ ಶ್ರಮದ ಉಳಿತಾಯವಲ್ಲ. ತೊಗಟೆ ನೀರನ್ನು ಹೊರಗೆ ಬಿಡುವುದಿಲ್ಲ. ದುಂಡಗಿನ ಬೊಡ್ಡೆ ಬೇಸಗೆಯಿಡೀ ಬಿಸಿಲಲ್ಲಿ ಬಿದ್ದರೂ ಹೊಟ್ಟೆಯಲ್ಲಿ ಹಸಿ ಇರುತ್ತದೆ. ನಾಲ್ಕು ಸೀಳು ಮಾಡಿದರೆ ಒಳಮೈ ಗಾಳಿಗೆ ತೆರೆದುಕೊಳ್ಳುತ್ತದೆ. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರಬಹುದು. ಅಂಥ ಒಂದು ಕೆಜಿ ಒಲೆಗೆ ಹಾಕಿದರೆ, ಹಂಡೆಯ ನೀರು ಕಾಯುವ ಮೊದಲು ಕಟ್ಟಿಗೆಯೊಳಗಿನ ಅರ್ಧ ಲೀಟರ್ ನೀರನ್ನು ಆವಿ ಮಾಡಬೇಕು. ಮುನ್ನೂರು ಕಿಲೋಕ್ಯಾಲೊರಿ ಅಲ್ಲೇ ಹೋಯಿತು. ಉಳಿದದ್ದರಲ್ಲೂ ಹೊಗೆಯೇ ಹೆಚ್ಚು. ಜನವರಿಯಲ್ಲಿ ಒಡೆದು ಒಟ್ಟಿದ ಕಟ್ಟಿಗೆಗೂ ಮೇ ತಿಂಗಳಲ್ಲಿ ಒಡೆದದ್ದಕ್ಕೂ ಇರುವ ವ್ಯತ್ಯಾಸ ಬಚ್ಚಲಿಗೆ ಉರಿ ಹಾಕುವವರ ಕಣ್ಣಿಗೆ ಗೊತ್ತು.

ಮರ ಎಲ್ಲಿಯದು ಎಂದೂ ಹೇಳಬೇಕು, ಅನಮೋಡದಲ್ಲಿ ಕೂತು ಅದನ್ನು ಹೇಳದಿದ್ದರೆ ಲೇಖನ ಅರ್ಧವೇ. ನಮ್ಮ ಸುತ್ತ ಇರುವುದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಕಾಡು. 2007ರಲ್ಲಿ ದಾಂಡೇಲಿ–ಅಣಶಿ ಹೆಸರಿನಲ್ಲಿ ಘೋಷಣೆಯಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದದ್ದು. ಅಲ್ಲಿಯ ಮತ್ತಿ, ಕಿಂದಳ, ನಂದಿಯ ಬೊಡ್ಡೆ ಈ ಯಂತ್ರದ ಮೇಲೆ ಬರಕೂಡದು. ತಲೆಹೊರೆಯಲ್ಲಿ ಜಿಗ್ಗು ತರುವವರಿಗೆ ಈ ಯಂತ್ರದ ಅಗತ್ಯವೇ ಇಲ್ಲ. ದಪ್ಪ ಬೊಡ್ಡೆ ತಂದವನನ್ನು ನಾನು ಮೊದಲು ಕೇಳುವುದು ಅದು ಎಲ್ಲಿಯದೆಂದು. ಮಾಲ್ಕಿ ಜಮೀನಿನಲ್ಲಿ ಗಾಳಿಗೆ ಬಿದ್ದ ಹಲಸು, ಮುದಿಯಾದ ಗೇರು, ಬೇಲಿಯ ಅಕೇಶಿಯಾ, ಇಲಾಖೆಯ ಡಿಪೋದಿಂದ ರಸೀದಿಯ ಮೇಲೆ ತಂದದ್ದು, ಇಷ್ಟಕ್ಕೆ ಯಂತ್ರ ಚಾಲೂ. ಸ್ವಂತ ಜಮೀನಿನ ಮರವಾದರೂ ಕಡಿಯುವ ಮೊದಲು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಚೆಕ್‌ಪೋಸ್ಟಿನ ಪಕ್ಕದಲ್ಲೇ ಬದುಕುವವನಿಗೆ ಈ ಎಚ್ಚರ ತಾನಾಗಿಯೇ ಬರುತ್ತದೆ.

ಹಾಗಾದರೆ ಇದನ್ನು ಯಾರು ಮಾಡಿಸಬೇಕು? ಬಚ್ಚಲ ಹಂಡೆಗೆಂದು ವರ್ಷಕ್ಕೆ ಒಂದೆರಡು ಗಾಡಿ ಕಟ್ಟಿಗೆ ಸಾಕಾಗುವ ಮನೆಗೆ ಬೇಡ. ಅವರಿಗೆ ಹತ್ತು ಟನ್ನಿನ ಬಾಟಲ್ ಜಾಕು, ಒಂದು ಗಟ್ಟಿ ಚೌಕಟ್ಟು, ಒಂದು ಬೆಣೆ ಇದ್ದರೆ ಕೈಯಿಂದಲೇ ಒತ್ತಿ ಒಡೆಯಬಹುದು. ನಿಧಾನ, ಆದರೆ ಸೊಂಟ ಉಳಿಯುತ್ತದೆ. ಅಡಿಕೆ ಬೇಯಿಸುವವರು, ಆಲೆಮನೆ ನಡೆಸುವವರು, ಢಾಬಾದವರು, ಮದುವೆ ಅಡುಗೆಯ ಗುತ್ತಿಗೆದಾರರು, ಇಂಥ ನಾಲ್ಕಾರು ಜನ ಸೇರಿ ಒಂದು ಮಾಡಿಸಿ, ಎರಡು ಗಾಲಿ ಹಾಕಿ, ಒಬ್ಬರಿಂದ ಒಬ್ಬರಿಗೆ ಎಳೆದುಕೊಂಡು ಹೋದರೆ ಖರ್ಚು ಹುಟ್ಟುತ್ತದೆ. ಮಾಡಿಸುವವರು ನಿಮ್ಮ ಊರಿನ ವೆಲ್ಡರಿನ ಬಳಿ ಹೋಗಿ ‘ಎಷ್ಟು ಟನ್’ ಎಂದು ಕೇಳಬೇಡಿ. ಬೀಮ್ ಎಷ್ಟಿಂಚಿನದು, ರಿಲೀಫ್ ವಾಲ್ವು ಎಷ್ಟಕ್ಕೆ ಕೂರಿಸಿದ್ದಾರೆ, ಕೈ ಬಿಟ್ಟರೆ ಲಿವರ್ ನಿಲ್ಲುತ್ತದೆಯೇ, ಹೋಸಿನ ಮೈಮೇಲೆ ಅಚ್ಚಾದ ತಾರೀಖು ಯಾವುದು ಎಂದು ಕೇಳಿ. ನಾಲ್ಕಕ್ಕೂ ಉತ್ತರ ಬಂದರೆ ಮುಂಗಡ ಕೊಡಿ.